ಸಿಹಿಮೂತ್ರ ರೋಗದ ಹೊಸ್ತಿಲು

ನಮ್ಮ ಶಾಲೆಯಲ್ಲಿ ಕಲಿತು ಈಗ ಮನೆವಾರ್ತೆಯನ್ನೂ ಉದ್ಯೋಗವನ್ನೂ ನಡೆಸುತ್ತಿರುವ ಹಳೆಯ ವಿದ್ಯಾರ್ಥಿನಿಯರಿಗೂ, ಮಕ್ಕಳ ತಾಯಿತಂದೆಗಳಿಗೂ ಈ ಸಂಚಿಕೆಯಲ್ಲಿ ದೇಹಾರೋಗ್ಯದ ಒಂದು ವಿಷಯವನ್ನು ಅರಿಕೆ ಮಾಡಬೇಕೆಂದು ನಮಗೆ ತೋರಿತು. ಇದರ ಕಾರಣವನ್ನು ಮರೆಮಾಚುವುದಿಲ್ಲ. ಹೋದ ವರ್ಷ ಉಪಾಧ್ಯಾಯಿನಿಯರಿಗಾಗಿ ನಡೆದ ರಕ್ತಪರೀಕ್ಷೆಯಲ್ಲಿ ನಮ್ಮ ಮೂರು ತಿಂಗಳ ಸಕ್ಕರೆಯ ಅಂದಾಜು, ಅಂದರೆ ವೈದ್ಯರು ಎಚ್‌ಬಿಎ ಒನ್ ಸಿ ಎನ್ನುವ ಅಂಕಿ, ಶೇಕಡ 6.1 ಎಂದು ಕಂಡುಬಂದಿತು. ಮೇದೋಜೀರಕ ಗ್ರಂಥಿಯ ಚಿತ್ರವನ್ನು ಇಪ್ಪತ್ತು ವರ್ಷಗಳಿಂದ ಕರಿಹಲಗೆಯ ಮೇಲೆ ಬರೆದು ತೋರಿಸುತ್ತಿದ್ದ ನಾವು, ನಮ್ಮೊಳಗಿನ ಆ ಗ್ರಂಥಿಯ ಯೋಗಕ್ಷೇಮವನ್ನು ಒಮ್ಮೆಯೂ ವಿಚಾರಿಸಿರಲಿಲ್ಲ. ನಮ್ಮ ತಾಯಿಯವರು ಇದೇ ರೋಗದಿಂದ ಕಾಲಿನ ಎರಡು ಬೆರಳುಗಳನ್ನು ಕಳೆದುಕೊಂಡಿದ್ದರೂ ವಿಚಾರಿಸಿರಲಿಲ್ಲ.

ಈ ಸ್ಥಿತಿಯನ್ನು ನಮ್ಮ ಊರುಗಳಲ್ಲಿ ‘ಬಾರ್ಡರ್ ಶುಗರ್’ ಎಂದು ಕರೆಯುವರು. ಉಂಡ ಅನ್ನವು ಸಕ್ಕರೆಯಾಗಿ ರಕ್ತಕ್ಕೆ ಸೇರಿದಾಗ ಅದನ್ನು ಜೀವಕೋಶಗಳೊಳಕ್ಕೆ ಬಿಡಿಸುವುದು ಇನ್ಸುಲಿನ್ ರಸದ ಕೆಲಸ. ಹೊಟ್ಟೆಯ ಸುತ್ತಲೂ ಯಕೃತ್ತಿನಲ್ಲಿಯೂ ಕೊಬ್ಬು ಸೇರಿ, ಸ್ನಾಯುಗಳು ಕೆಲಸವಿಲ್ಲದೆ ಇದ್ದರೆ, ಕೋಶಗಳು ಆ ರಸದ ಮಾತನ್ನು ಕೇಳುವುದಿಲ್ಲ. ಗ್ರಂಥಿಯು ಮತ್ತಷ್ಟು ರಸವನ್ನು ಸುರಿಸಿ ಕೆಲವು ವರ್ಷ ತೂಗಿಸಿಕೊಂಡು ಬಂದು, ಕಡೆಗೆ ಬಳಲುವುದು. ಆ ಬಳಲಿಕೆಯ ಮೊದಲ ಸುಳಿವೇ ಇದು. ಬರಿಯ ಹೊಟ್ಟೆಯಲ್ಲಿ ಒಂದು ಡೆಸಿಲೀಟರ್ ರಕ್ತದಲ್ಲಿ 100ರಿಂದ 125 ಮಿಲಿಗ್ರಾಂ ಸಕ್ಕರೆ, ಅಥವಾ ಎಚ್‌ಬಿಎ ಒನ್ ಸಿ 5.7ರಿಂದ 6.4, ಇದರ ಗುರುತು. ನೋವಿಲ್ಲ, ದಾಹವಿಲ್ಲ, ಆದಕಾರಣ ಪರೀಕ್ಷೆಯ ಹೊರತು ತಿಳಿಯದು. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಗಣನೆಯಂತೆ ನಮ್ಮ ದೇಶದಲ್ಲಿ ಸುಮಾರು 13 ಕೋಟಿ 60 ಲಕ್ಷ ಜನ ಈ ಹೊಸ್ತಿಲ ಮೇಲಿದ್ದಾರೆ.

ಹೊಸ್ತಿಲ ಮೇಲೆ ಬಂದವರೆಲ್ಲರೂ ಒಳಗೆ ಹೋಗಲೇಬೇಕೆಂಬ ನಿಯಮವಿಲ್ಲ. ಅಮೆರಿಕಾ ದೇಶದಲ್ಲಿ ನಡೆದು 2002ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ, ವಾರಕ್ಕೆ 150 ನಿಮಿಷ ನಡೆದು ತೂಕವನ್ನು ನೂರಕ್ಕೆ ಏಳರಷ್ಟು ಇಳಿಸಲು ಯತ್ನಿಸಿದವರಲ್ಲಿ ರೋಗವು ಶೇಕಡ 58ರಷ್ಟು ಕಡಿಮೆಯಾಯಿತು. ಮೆಟ್‌ಫಾರ್ಮಿನ್ ಮಾತ್ರೆ ನುಂಗಿದವರಲ್ಲಿ ಶೇಕಡ 31ರಷ್ಟು. ಆದರೆ ನಮಗೆ ಹತ್ತಿರವಾದದ್ದು ಚೆನ್ನೈ ನಗರದಲ್ಲಿ ವೈದ್ಯ ಎ. ರಾಮಚಂದ್ರನ್ ಮತ್ತು ಸಂಗಡಿಗರು 531 ಜನರಲ್ಲಿ ನಡೆಸಿ 2006ರಲ್ಲಿ ಪ್ರಕಟಿಸಿದ ಪರೀಕ್ಷೆ. ಏನೂ ಮಾಡದೆ ಇದ್ದವರಲ್ಲಿ ಮೂರು ವರ್ಷಗಳೊಳಗೆ ನೂರಕ್ಕೆ 55 ಮಂದಿ ರೋಗಿಗಳಾದರು. ನಡಿಗೆ ಮತ್ತು ಊಟದ ಕ್ರಮ ಹಿಡಿದವರಲ್ಲಿ 39 ಮಂದಿ. ಮಾತ್ರೆ ತೆಗೆದುಕೊಂಡವರಲ್ಲಿ 40 ಮಂದಿ. ಎರಡನ್ನೂ ಮಾಡಿದವರಿಗೆ ಒಂದನ್ನೇ ಮಾಡಿದವರಿಗಿಂತ ಹೆಚ್ಚಿನ ಲಾಭವೇನೂ ಆಗಲಿಲ್ಲ. ತೂಕವು ಗಮನಿಸುವಷ್ಟು ಇಳಿಯದಿದ್ದರೂ ಗುಣ ಕಂಡಿತೆಂಬುದು ನಮ್ಮಂಥವರಿಗೆ ಧೈರ್ಯ ಕೊಡತಕ್ಕ ಸಂಗತಿ.

ಊಟದ ವಿಷಯದಲ್ಲಿ ನಮ್ಮ ಸೀಮೆಯಲ್ಲಿ ಒಂದು ಭ್ರಮೆಯುಂಟು: ರಾಗಿ ಎಷ್ಟು ಉಂಡರೂ ಸಕ್ಕರೆ ಏರದು ಎಂದು. ರಾಗಿಯಲ್ಲಿ ನಾರು ಹೆಚ್ಚು, ನಿಜ. ಆದರೆ ಅದರ ಬಹುಭಾಗ ಪಿಷ್ಟವೇ. ಹೊಲ ಉತ್ತವನ ಮುದ್ದೆಯ ಗಾತ್ರ ಕುರ್ಚಿಯಲ್ಲಿ ಕುಳಿತವಳಿಗೆ ಸಲ್ಲದು. ಮುದ್ದೆಯನ್ನು ಅರ್ಧ ಮಾಡಿ, ಬಸ್ಸಾರಿನ ಸೊಪ್ಪನ್ನೂ ಹುರುಳಿ ಅವರೆಯ ಕಾಳನ್ನೂ ಇಮ್ಮಡಿ ಮಾಡಿದರೆ ಊಟ ಕೆಡುವುದಿಲ್ಲ. ನುಣ್ಣಗೆ ಬೀಸಿದ ಹಿಟ್ಟಿನ ಗಂಜಿ ಮುದ್ದೆಗಿಂತ ಬೇಗ ಏರಿಸುವುದು. ಬೆಲ್ಲವು ಸಕ್ಕರೆಯ ಅಕ್ಕತಂಗಿಯೇ ಹೊರತು ಬೇರೆಯಲ್ಲ. ಚಿಕ್ಕಬಳ್ಳಾಪುರದ ದ್ರಾಕ್ಷಿಯನ್ನೂ ಚಿಂತಾಮಣಿಯ ಮಾವನ್ನೂ ಬಿಡಬೇಕೆಂದಿಲ್ಲ. ಗೊಂಚಲಿಗೆ ಬದಲು ಹಿಡಿಯಷ್ಟು, ರಸಕ್ಕೆ ಬದಲು ಹೋಳು. ನಮಗೆ ಇವೆಲ್ಲಕ್ಕಿಂತ ಕಷ್ಟವಾದದ್ದು ಮಕ್ಕಳ ಮನೆಗಳಿಗೆ ಹೋದಾಗ ಪ್ರೀತಿಯಿಂದ ಕೊಡುವ ಸಿಹಿ ಕಾಫಿ. ಒಂದು ಮಧ್ಯಾಹ್ನದಲ್ಲಿ ಐದು ಲೋಟ ಕುಡಿದದ್ದುಂಟು. ಈಗ ಸಕ್ಕರೆ ಬೇಡವೆಂದು ಬಾಗಿಲಲ್ಲೇ ಹೇಳಿಬಿಡುತ್ತೇವೆ, ತಾಯಂದಿರು ಬೇಸರಪಡಬಾರದು.

ಶಿಡ್ಲಘಟ್ಟದ ಒಬ್ಬ ತಾಯಿ, “ಟೀಚರಮ್ಮ, ಬೆಳಗಿನಿಂದ ಸಂಜೆವರೆಗೆ ನೂಲು ಬಿಚ್ಚುತ್ತೇನಲ್ಲಾ, ಮತ್ತೆ ನಡೆಯುವುದು ಯಾಕೆ?” ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಕೈಬೆರಳು ದಣಿಯುವುದೂ ಬೆನ್ನು ನೋಯುವುದೂ ವ್ಯಾಯಾಮವಲ್ಲ. ತೊಡೆಯ ದೊಡ್ಡ ಸ್ನಾಯುಗಳು ದುಡಿದಾಗಲೇ ಅವು ರಕ್ತದ ಸಕ್ಕರೆಯನ್ನು ಹೀರುವುವು. ಊಟವಾದ ಮೇಲೆ ಹದಿನೈದು ನಿಮಿಷ ನಡೆದರೂ ಫಲವುಂಟು.

ಮಾತ್ರೆಯ ಮಾತು. ಮೆಟ್‌ಫಾರ್ಮಿನ್ ಬಹುಕಾಲದಿಂದ ಬಳಕೆಯಲ್ಲಿರುವ, ಬೆಲೆ ಕಡಿಮೆಯಾದ ಔಷಧ. ಯಕೃತ್ತು ಹೊರಬಿಡುವ ಸಕ್ಕರೆಯನ್ನು ಅದು ತಗ್ಗಿಸುವುದು. ಎಲ್ಲರಿಗೂ ಅದು ಬೇಕಿಲ್ಲ. ಸಕ್ಕರೆ ಏರುತ್ತಲೇ ಇರುವವರಿಗೆ, ಸ್ಥೂಲದೇಹಿಗಳಿಗೆ, ಗರ್ಭಿಣಿಯಾಗಿದ್ದಾಗ ಸಕ್ಕರೆ ಕಂಡವರಿಗೆ ವೈದ್ಯರು ಕೊಡುವರು. ಊಟದೊಡನೆ ತೆಗೆದುಕೊಂಡರೆ ಹೊಟ್ಟೆಯ ತೊಂದರೆ ಕಡಿಮೆ. ಮೂತ್ರಪಿಂಡದ ಪರೀಕ್ಷೆ ಮೊದಲೇ ಆಗಬೇಕು. ಬಹು ವರ್ಷ ತೆಗೆದುಕೊಂಡವರಲ್ಲಿ ಬಿ12 ಜೀವಸತ್ವ ಕುಂದಬಹುದು. ನೆರೆಮನೆಯವರ ಚೀಟಿ ನೋಡಿ ಕೊಳ್ಳುವುದೂ, ಮಾತ್ರೆಯೆಂದರೆ ಅವಮಾನವೆಂದು ಅಡಗಿಸಿಡುವುದೂ ಎರಡೂ ತಪ್ಪು. ಗೌರಿಬಿದನೂರಿನ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಚೊಚ್ಚಲ ಬಸುರಿನಲ್ಲಿ ಸಕ್ಕರೆ ಬಂದದ್ದನ್ನು ಅತ್ತೆಯ ಮನೆಯವರಿಗೆ ತಿಳಿಸದೆ, ಹೆರಿಗೆಯಾದ ಮೇಲೆ ಪರೀಕ್ಷೆಗೂ ಹೋಗದೆ, ಆರು ವರ್ಷ ಕಳೆದಳು. ಈಗ ಅವಳು ಹೊಸ್ತಿಲು ದಾಟಿದ್ದಾಳೆ. ಬಸುರಿನಲ್ಲಿ ಸಕ್ಕರೆ ಕಂಡವರು ಹೆರಿಗೆಯಾದ 6ರಿಂದ 12 ವಾರಗಳಲ್ಲಿ ಒಮ್ಮೆ, ಆಮೇಲೆ ಮೂರು ವರ್ಷಕ್ಕೊಮ್ಮೆಯಾದರೂ ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು. ಮನೆಯವರು ಅದಕ್ಕೆ ಜೊತೆಗೆ ಹೋಗತಕ್ಕದ್ದು.

ಇನ್ನೊಂದು ಎಚ್ಚರಿಕೆ: ಕಬ್ಬಿಣದ ಕೊರತೆಯಿಂದ ರಕ್ತಹೀನತೆಯಿರುವ ಹೆಣ್ಣುಮಕ್ಕಳಲ್ಲಿ ಎಚ್‌ಬಿಎ ಒನ್ ಸಿ ಸುಳ್ಳಾಗಿ ಏರಿ ತೋರಬಹುದು, ಅಂಥವರು ಬರಿಹೊಟ್ಟೆಯ ಸಕ್ಕರೆಯನ್ನೂ ನೋಡಿಸಬೇಕು. ಮೂವತ್ತು ದಾಟಿದವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸಕ್ಕರೆಯ ಪರೀಕ್ಷೆಯುಂಟು. ಹೆಂಗಸರ ಸೊಂಟದ ಸುತ್ತಳತೆ 80 ಸೆಂಟಿಮೀಟರ್ ಮೀರಿದ್ದರೆ ತಡಮಾಡಬಾರದು. ದರ್ಜಿಯ ಟೇಪು ಯಾರ ಮನೆಯಲ್ಲಿಲ್ಲ?

ನಮ್ಮ ವೈದ್ಯರು ಮಾತ್ರೆಗೆ ಮೊದಲು ಆರು ತಿಂಗಳ ಅವಧಿ ಕೊಟ್ಟರು. ಸಾಯಂಕಾಲದ ಗಂಟೆಯಾದ ಮೇಲೆ ಆಟದ ಮೈದಾನವನ್ನು ಹನ್ನೆರಡು ಸಲ ಸುತ್ತುವುದನ್ನು ಮಕ್ಕಳು ಮೊದಮೊದಲು ನೋಡಿ ನಕ್ಕರು. ಈಗ ಇಬ್ಬರು ಉಪಾಧ್ಯಾಯಿನಿಯರೂ ಅಡಿಗೆಯಮ್ಮನೂ ಜೊತೆಗೆ ಬರುತ್ತಾರೆ. ಆರು ತಿಂಗಳಿಗೆ ಅಂಕಿ 5.8ಕ್ಕೆ ಇಳಿದಿತ್ತು. ಮುಂದಿನ ಪರೀಕ್ಷೆ ಶಾಲೆ ತೆರೆಯುವ ವಾರದಲ್ಲಿ.