ಹಳೇ ಹಾಡಿಗೆ ಸಿಳ್ಳೆ ಸಾಕು, ಹೊಸ ಹಾಡಿಗೆ ಎದೆ ಬೇಕು!

"ಏನ್ರಪ್ಪಾ, ಎಲ್ಲಾ ಕಪ್ಪು ಬಟ್ಟೆ ಹಾಕ್ಕೊಂಡು ಹೊರಟಿದ್ದೀರಿ? ಮಾರ್ಚ್ ತಿಂಗಳಲ್ಲಿ ಯಾವ ಶಬರಿಮಲೆ?"

ಮೆಜೆಸ್ಟಿಕ್‌ನಿಂದ ಮೇಖ್ರಿ ಸರ್ಕಲ್ ಕಡೆಗೆ ಹೊರಟ ಬಸ್ಸಿನಲ್ಲಿ ಕಂಡಕ್ಟರ್ ಮಹಾಶಯರು ಕೇಳಿದ ಪ್ರಶ್ನೆ ಇದು. ಬಸ್ಸಿನ ತುಂಬಾ ಕಪ್ಪು ಟೀ ಶರ್ಟಿನ ಹುಡುಗರು. ಅರ್ಧಕ್ಕರ್ಧ ಜನರ ಎದೆ ಮೇಲೆ ಹಲ್ಲು ಕಿರಿಯುವ ಒಂದೇ ಪ್ರೇತದ ಮುಖ! "ಶಬರಿಮಲೆ ಅಲ್ಲ ಸಾರ್, ಐರನ್ ಮೇಡನ್!" ಎಂದು ಹಿಂದಿನ ಸೀಟಿನಿಂದ ಒಬ್ಬ ಕೂಗಿದ. ಕಂಡಕ್ಟರ್‌ಗೆ ಏನು ತಿಳಿಯಿತೋ, "ಆಯ್ತು, ಚಿಲ್ಲರೆ ತೆಗೀರಿ" ಎಂದು ಮುಂದೆ ಹೋದರು.

ಅದು 2007ರ ಮಾರ್ಚ್ 17, ಶನಿವಾರ. ಬೆಂಗಳೂರಿನ ಅರಮನೆ ಮೈದಾನ. ಇಂಗ್ಲೆಂಡಿನ ಹೆವಿ ಮೆಟಲ್ ತಂಡ ಐರನ್ ಮೇಡನ್ ಭಾರತದ ನೆಲದಲ್ಲಿ ಹಾಡಿದ್ದು ಅದೇ ಮೊದಲು. ಇಷ್ಟು ವರ್ಷ ಕಳೆದರೂ ಆ ರಾತ್ರಿ ನನ್ನ ಕಿವಿಯಿಂದ ಇಳಿದಿಲ್ಲ. ಅಲ್ಲಿ ನಾನು ಮಾಡಿದ ಒಂದು ತಪ್ಪೂ ಮನಸ್ಸಿನಿಂದ ಇಳಿದಿಲ್ಲ. ಅದನ್ನು ಇವತ್ತು ನಿಮ್ಮ ಮುಂದೆ ಒಪ್ಪಿಕೊಳ್ಳುತ್ತೇನೆ, ಮಿತ್ರರೇ!

ಸಿನಿಮಾ ಹುಚ್ಚಿನ ಹುಡುಗರು

ಈ ತಂಡಕ್ಕೂ ಸಿನಿಮಾ ಪತ್ರಿಕೆಗೂ ಏನು ಸಂಬಂಧ ಅಂತೀರಾ? ಬಹಳ ಇದೆ! 1975ರಲ್ಲಿ ಪೂರ್ವ ಲಂಡನ್ನಿನಲ್ಲಿ ತಂಡ ಕಟ್ಟಿದ ಬೇಸ್ ಗಿಟಾರ್ ವಾದಕ ಸ್ಟೀವ್ ಹ್ಯಾರಿಸ್ 'ಓಮೆನ್' ಚಿತ್ರದ ಎರಡನೇ ಭಾಗ ನೋಡಿ ಬಂದು, ರಾತ್ರಿ ಕೆಟ್ಟ ಕನಸು ಕಂಡು ಬೆಚ್ಚಿದ. ಆ ಬೆಚ್ಚಿದ್ದೇ 1982ರ 'ದಿ ನಂಬರ್ ಆಫ್ ದಿ ಬೀಸ್ಟ್' ಹಾಡಾಯಿತು. ರಿಚರ್ಡ್ ಬರ್ಟನ್, ಕ್ಲಿಂಟ್ ಈಸ್ಟ್‌ವುಡ್ ನಟಿಸಿದ 1968ರ 'ವೇರ್ ಈಗಲ್ಸ್ ಡೇರ್' ಅದೇ ಹೆಸರಿನಲ್ಲಿ 1983ರಲ್ಲಿ ಹಾಡಾಗಿ ಬಂತು.

ಇನ್ನು ಆ ಟೀ ಶರ್ಟಿನ ಪ್ರೇತ! ಅವನ ಹೆಸರು ಎಡ್ಡಿ. ಈ ತಂಡದ ಕಟೌಟ್ ಹೀರೋ. ಕಾರ್ಯಕ್ರಮದ ನಡುವೆ ಎರಡಾಳೆತ್ತರದ ಎಡ್ಡಿ ವೇದಿಕೆಗೆ ಬಂದರೆ, ನಮ್ಮಲ್ಲಿ ನಾಯಕನ ಎಂಟ್ರಿಗೆ ಚಿಲ್ಲರೆ ತೂರುವಾಗ ಏಳುವ ಗದ್ದಲವೇ ಅಲ್ಲೂ ಏಳುತ್ತದೆ.

ಪೂರಾ ಹೊಸದು!

ಆ ಬಾರಿ ಅವರು ಹೊರಟಿದ್ದು ಹೊಸ ಆಲ್ಬಮ್ ಹೊತ್ತು. 2006ರ ಆಗಸ್ಟ್ ಕೊನೆಯಲ್ಲಿ ಬಂದ 'ಎ ಮ್ಯಾಟರ್ ಆಫ್ ಲೈಫ್ ಅಂಡ್ ಡೆತ್', ಅವರ 14ನೇ ಸ್ಟುಡಿಯೋ ಆಲ್ಬಮ್. 1946ರಲ್ಲಿ ಬಂದ ಒಂದು ಬ್ರಿಟಿಷ್ ಚಿತ್ರಕ್ಕೂ ಇದೇ ಹೆಸರಿತ್ತು. 10 ಹಾಡು, ಸುಮಾರು 72 ನಿಮಿಷ. ತುಂಬಾ ಯುದ್ಧ, ಸಾವು, ದೇವರ ಹೆಸರಿನ ಹೊಡೆದಾಟ.

ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ಪ್ರವಾಸ ಶುರುವಾದಾಗ ಅವರು ಮಾಡಿದ್ದೇನು ಗೊತ್ತೇ? ಆ ಹತ್ತೂ ಹಾಡನ್ನು ಮೊದಲಿಂದ ಕೊನೆಯವರೆಗೆ, ಒಂದನ್ನೂ ಬಿಡದೆ ಹಾಡಿದರು! ಕೊನೆಯಲ್ಲಿ ಹಳೆಯದು ಐದೇ ಐದು. ಕಾಸು ಕೊಟ್ಟು ಬಂದವರಲ್ಲಿ ಎರಡು ಪಂಗಡವಾಯಿತು. "ಭೇಷ್" ಅಂದವರು ಕೆಲವರು, "ಹಳೇದು ಹಾಡ್ರಯ್ಯಾ" ಅಂತ ಗೊಣಗಿದವರು ಕೆಲವರು. ಜಪಾನ್, ಯೂರೋಪ್‌ನಲ್ಲೂ ಅದೇ ಹಠ ಮುಂದುವರಿಯಿತು.

ನಮ್ಮವರೇ ಇಂಥ ಎದೆಗಾರಿಕೆ ತೋರಿಸಿಲ್ಲವೇ? ಕಿರೀಟ, ಗದೆ, ಭುಜಕೀರ್ತಿಯ ರಾಜಕುಮಾರ್ 1968ರಲ್ಲಿ 'ಜೇಡರ ಬಲೆ'ಯಲ್ಲಿ ಪಿಸ್ತೂಲು ಹಿಡಿದು ಸಿಐಡಿ 999 ಆಗಿ ಬಂದರು. ಅಂದು ಜನ ಒಪ್ಪದೇ ಹೋಗಿದ್ದರೆ? ಒಪ್ಪುತ್ತಾರೋ ಇಲ್ಲವೋ ತಿಳಿಯುವ ಮೊದಲೇ ಹೆಜ್ಜೆ ಇಡಬೇಕು. ಕಷ್ಟ ಇರುವುದೇ ಅಲ್ಲಿ.

ನನ್ನ ತಪ್ಪು

2007ರ ಹೊತ್ತಿಗೆ ಪಟ್ಟಿ ಸ್ವಲ್ಪ ಬದಲಾಗಿತ್ತು. 'ನಂಬರ್ ಆಫ್ ದಿ ಬೀಸ್ಟ್'ಗೆ 25 ವರ್ಷ ತುಂಬಿದ ನೆಪದಲ್ಲಿ ಹಳೆಯ ಹಾಡುಗಳು ಹೆಚ್ಚಿದ್ದವು, ಹೊಸದು ಐದು. ದುಬೈ ಮುಗಿಸಿ ಅವರು ನಮ್ಮೂರಿಗೆ ಬಂದಿಳಿದರು. ಅವರಿಗಿಂತ ಮೊದಲು ಹಾಡಿದ್ದು ದೆಹಲಿಯ ಪರಿಕ್ರಮ ತಂಡ ಮತ್ತು ಸ್ಟೀವ್ ಹ್ಯಾರಿಸ್ ಮಗಳು ಲಾರೆನ್ ಹ್ಯಾರಿಸ್.

ಆಮೇಲೆ ದೀಪ ಆರಿತು. ಅಬ್ಬಾ, ಆ ಕೂಗು! ಐದು ದಿನ ಹಿಂದಷ್ಟೇ 51 ತುಂಬಿದ್ದ ಸ್ಟೀವ್ ಹ್ಯಾರಿಸ್ ಬೇಸ್ ಗಿಟಾರನ್ನು ಬಂದೂಕಿನಂತೆ ಜನರ ಕಡೆ ತಿರುಗಿಸಿ ನಿಂತ. ಬರೀ ಬೆರಳಲ್ಲಿ ಮೀಟುವ ಅವನ ಲಯ ಕುದುರೆ ಓಟದಂತೆ ಟಕಟಕ ಟಕಟಕ ಅಂತ ಎದೆಗೇ ಬಂದು ಬಡಿಯುತ್ತಿತ್ತು. ಗಾಯಕ ಬ್ರೂಸ್ ಡಿಕಿನ್ಸನ್ ವೇದಿಕೆಯ ಈ ತುದಿಯಿಂದ ಆ ತುದಿಗೆ ಓಡುತ್ತಲೇ ಹಾಡಿದ.

ಆದರೆ ಶುರುವಿನ ಮೂರೂ ಹಾಡು ಹೊಸವು! ಮೂರನೆಯದು 'ಬ್ರೈಟರ್ ದ್ಯಾನ್ ಎ ಥೌಸಂಡ್ ಸನ್ಸ್', ಎಂಟು ನಿಮಿಷಕ್ಕೂ ಉದ್ದ. ನನಗೆ ತಡೆಯಲಾಗಲಿಲ್ಲ. ಬಾಯಿಗೆ ಎರಡೂ ಕೈ ಅಡ್ಡ ಇಟ್ಟು ಹಳೇ ಹಾಡಿನ ಹೆಸರು ಹೇಳಿ ಕಿರುಚಿದೆ. ಒಮ್ಮೆಯಲ್ಲ, ನಾಲ್ಕು ಸಲ.

ಪಕ್ಕದ ಹುಡುಗ ನನ್ನ ತೋಳು ಹಿಡಿದ. ಹುಬ್ಬಳ್ಳಿಯವನು, ರಾತ್ರಿ ರೈಲಿಗೆ ನಿಂತೇ ಬಂದಿದ್ದನಂತೆ. "ಅಣ್ಣಾರ, ಒಂಚೂರು ಸುಮ್ನಿರ್ರಿ. ಹಳೇವು ಮನ್ಯಾಗ ಕ್ಯಾಸೆಟ್‌ನ್ಯಾಗ ಅದಾವು, ನಾಳೆನೂ ಕೇಳಬಹುದು. ಇದನ್ನ ಅವರು ನನ್ನ ಎದುರಿಗೆ ನಿಂತು ಹಾಡೋದು ಇವತ್ತ ಒಂದ ಸಲ."

ನನ್ನ ಬಾಯಿ ಬಂದ್!

ಆಮೇಲೆ ಗೊತ್ತಾಯಿತು, ಆ ಹಾಡು ಅಣುಬಾಂಬಿನ ಕುರಿತದ್ದು. ಅಣುಬಾಂಬ್ ತಯಾರಿಸಿದ ವಿಜ್ಞಾನಿಗಳ ಬಗ್ಗೆ ರಾಬರ್ಟ್ ಯುಂಕ್ ಬರೆದ ಪ್ರಸಿದ್ಧ ಪುಸ್ತಕದ ಹೆಸರೂ ಅದೇ. ಸಾವಿರ ಸೂರ್ಯರ ಆ ಮಾತಿನ ಮೂಲವೋ, ನಮ್ಮ ಭಗವದ್ಗೀತೆಯ 11ನೇ ಅಧ್ಯಾಯದ ವಿಶ್ವರೂಪ ದರ್ಶನ! ಆ ಬಾಂಬಿನ ಕತೆಯನ್ನೇ ಮುಂದೆ 2023ರಲ್ಲಿ ಕ್ರಿಸ್ಟೋಫರ್ ನೋಲನ್ 'ಆಪನ್‌ಹೈಮರ್' ಚಿತ್ರ ಮಾಡಿದಾಗ ನಾವು ಕ್ಯೂ ನಿಂತು ನೋಡಿದೆವು. ಗೀತೆಯ ಮಾತು ಲಂಡನ್ ಸುತ್ತಿ ಅರಮನೆ ಮೈದಾನಕ್ಕೆ ಬಂದು ನಿಂತಾಗ, ನಾನು "ಬೇರೆ ಹಾಡಿ" ಎಂದು ಅರಚುತ್ತಿದ್ದೆ!

ಮುಂದೆ 'ದಿ ಟ್ರೂಪರ್' ಬಂತು, 'ಫಿಯರ್ ಆಫ್ ದಿ ಡಾರ್ಕ್' ಬಂತು. ಇಡೀ ಮೈದಾನ ಒಂದೇ ಗಂಟಲಾಗಿ ಹಾಡಿತು. ನಾನೂ ಹಾಡಿದೆ, ಕುಣಿದೆ. ಆದರೆ ಹೊಸ ಹಾಡು ಬಂದಾಗಲೆಲ್ಲಾ ಬಾಯಿ ಮುಚ್ಚಿ ಕಿವಿ ತೆರೆದೆ.

ಮರಳಿ ಬಾರದ ಹೊತ್ತು

ಹೊರಗೆ ಬಂದು ಚಹಾ ಅಂಗಡಿ ಎದುರು ನಿಂತರೆ ಎಲ್ಲರ ಮುಖ ಜೋತುಬಿದ್ದಿದೆ. ವಿಶ್ವಕಪ್‌ನಲ್ಲಿ ಬಾಂಗ್ಲಾದೇಶದ ಎದುರು ಭಾರತ 191ಕ್ಕೆ ಆಲೌಟ್! ಬೆಳಗಾಗುವುದರಲ್ಲಿ ಸೋತೂ ಆಗಿತ್ತು. ಆ ರಾತ್ರಿ ನಗುತ್ತಾ ಮನೆಗೆ ಹೋದವರು ಕಪ್ಪು ಬಟ್ಟೆಯವರು ಮಾತ್ರ ಅನ್ನಿಸುತ್ತದೆ!

ಮರುವರ್ಷ, ಅಂದರೆ 2008ರ ಫೆಬ್ರವರಿ 1ರಂದು, ಅದೇ ತಂಡ ಮುಂಬಯಿಯಲ್ಲಿ ಇಳಿಯಿತು. ಬೋಯಿಂಗ್ 757 ವಿಮಾನದಲ್ಲಿ ವಾದ್ಯ, ಸಾಮಾನು, ಕೆಲಸಗಾರರು ಎಲ್ಲಾ ಒಟ್ಟಿಗೆ. ಪೈಲಟ್ ಯಾರು? ಸ್ವತಃ ಗಾಯಕ ಬ್ರೂಸ್ ಡಿಕಿನ್ಸನ್! ಆ ಯಾತ್ರೆಯೇ 2009ರಲ್ಲಿ 'ಫ್ಲೈಟ್ 666' ಎಂಬ ಸಾಕ್ಷ್ಯಚಿತ್ರವಾಯಿತು. ಸಿಕ್ಕರೆ ಬಿಡಬೇಡಿ. ಅಂದು ಪರಿಕ್ರಮದವರಿಗೂ ಅದೃಷ್ಟ ತೆರೆಯಿತು. 2007ರಲ್ಲೇ ಇಂಗ್ಲೆಂಡಿನ ಡೌನ್‌ಲೋಡ್ ಉತ್ಸವದಲ್ಲಿ ಹಾಡಿ ಬಂದರು.

2024ರ ಡಿಸೆಂಬರಿನಲ್ಲಿ ಡ್ರಮ್ಮರ್ ನಿಕೊ ಮೆಕ್‌ಬ್ರೇನ್ ಪ್ರವಾಸಕ್ಕೆ ವಿದಾಯ ಹೇಳಿದಾಗ ನನಗೆ ಮೊದಲು ನೆನಪಾದದ್ದು ಆ ಹುಬ್ಬಳ್ಳಿ ಹುಡುಗ. ಅವನು ಹೇಳಿದ್ದು ನಿಜವಾಯಿತು. ಆ ಆರು ಜನ ಒಟ್ಟಾಗಿ ನಿಂತು ಆ ಹಾಡನ್ನು ಬೆಂಗಳೂರಿನಲ್ಲಿ ಮತ್ತೆ ಹಾಡಲಾರರು. ಕ್ಯಾಸೆಟ್ ಮಾತ್ರ ಮನೆಯಲ್ಲಿದೆ.

ಆದ್ದರಿಂದ ಮಿತ್ರರೇ, ಮುಂದಿನ ಸಲ ಥಿಯೇಟರಿನಲ್ಲಿ ಹೊಸ ಹುಡುಗನ ಹೊಸ ಹಾಡು ಬಂದಾಗ, ಎದ್ದು ಹೋಗಿ ಸಿಗರೇಟು ಹಚ್ಚುವ ಮುನ್ನ ಒಂದು ಸಲ ಯೋಚಿಸಿ. ಒಂಚೂರು ಸುಮ್ನೆ ಕೂತು ಕೇಳಿ. ಸಿಳ್ಳೆ ಎಲ್ಲಿಗೆ ಓಡಿಹೋಗುತ್ತದೆ? ಆಮೇಲೆ ಹೊಡೆದರಾಯಿತು!