ಯಾವ ವಯಸ್ಸಿನಲ್ಲಿ ಬಿಟ್ಟರೂ ಲಾಭವೇ: ಧೂಮಪಾನ ತ್ಯಜಿಸಿದರೆ ದೇಹದಲ್ಲಿ ಏನಾಗುತ್ತದೆ?

"ಇಷ್ಟು ವರ್ಷ ಸೇದಿದ್ದಾಯಿತು, ಈಗ ಬಿಟ್ಟು ಏನು ಪ್ರಯೋಜನ?" ಬೀಡಿ, ಸಿಗರೇಟು ಬಿಡಿ ಎಂದು ಮನೆಯವರು ಹೇಳಿದಾಗ ಹಿರಿಯರು ಸಾಮಾನ್ಯವಾಗಿ ಕೊಡುವ ಉತ್ತರವಿದು. ಇದಕ್ಕೆ ಅರ್ಧ ಶತಮಾನದ ಅಧ್ಯಯನವೊಂದು ಸ್ಪಷ್ಟ ಉತ್ತರ ನೀಡಿದೆ.

ರಿಚರ್ಡ್ ಡಾಲ್ ಮತ್ತು ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ 1951ರಲ್ಲಿ ಬ್ರಿಟನ್ನಿನ ವೈದ್ಯರ ಧೂಮಪಾನದ ಅಭ್ಯಾಸವನ್ನು ದಾಖಲಿಸತೊಡಗಿದರು. ಸುಮಾರು 34 ಸಾವಿರ ಪುರುಷ ವೈದ್ಯರನ್ನು 50 ವರ್ಷ ಗಮನಿಸಿದ ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ಸೇದುತ್ತಲೇ ಇದ್ದವರು ಸೇದದವರಿಗಿಂತ ಸರಾಸರಿ 10 ವರ್ಷ ಮೊದಲೇ ತೀರಿಕೊಂಡಿದ್ದರು. 60ನೇ ವಯಸ್ಸಿನಲ್ಲಿ ಬಿಟ್ಟವರಿಗೆ ಸುಮಾರು 3 ವರ್ಷ, 50ರಲ್ಲಿ ಬಿಟ್ಟವರಿಗೆ 6, 40ರಲ್ಲಿ 9, 30ರಲ್ಲಿ ಬಿಟ್ಟವರಿಗೆ 10 ವರ್ಷ ಆಯುಸ್ಸು ಉಳಿದಿತ್ತು.

ಮೊದಲ ದಿನಗಳು

ಕೊನೆಯ ಸಿಗರೇಟು ಆರಿದ 20 ನಿಮಿಷಗಳಲ್ಲೇ ಹೃದಯ ಬಡಿತ ಮತ್ತು ರಕ್ತದೊತ್ತಡ ಇಳಿಯತೊಡಗುತ್ತವೆ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಬಿಟ್ಟ ಒಂದೆರಡು ದಿನಗಳಲ್ಲಿ ಅದು ಹೊರಹೋಗಿ, ಅಂಗಾಂಗಗಳಿಗೆ ಮತ್ತೆ ಸಾಕಷ್ಟು ಆಮ್ಲಜನಕ ಸಿಗುತ್ತದೆ.

ಕೆಲವರಿಗೆ ಬಿಟ್ಟ ಮೇಲೆ ಕೆಮ್ಮು ಹೆಚ್ಚಾಗುತ್ತದೆ. "ಬಿಟ್ಟಿದ್ದಕ್ಕೇ ಕಾಯಿಲೆ ಬಂತು" ಎಂದು ಮತ್ತೆ ಸೇದುವವರೂ ಇದ್ದಾರೆ. ಶ್ವಾಸನಾಳದೊಳಗಿನ ಸೂಕ್ಷ್ಮ ರೋಮಗಳು ಹೊಗೆಯಿಂದ ನಿಶ್ಚೇಷ್ಟಿತವಾಗಿರುತ್ತವೆ. ಅವು ಚೇತರಿಸಿಕೊಂಡು ಕಟ್ಟಿದ ಕಫವನ್ನು ಮೇಲಕ್ಕೆ ತಳ್ಳುವುದರಿಂದ ಕೆಲವು ವಾರ ಈ ಕೆಮ್ಮು ಇರಬಹುದು. ಆದರೆ ಕಫದಲ್ಲಿ ರಕ್ತ ಕಂಡರೆ ಅಥವಾ ಕಾರಣವಿಲ್ಲದೆ ತೂಕ ಇಳಿದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ವರ್ಷಗಳು ಕಳೆದಂತೆ

ಒಂದು ವರ್ಷದ ಹೊತ್ತಿಗೆ, ಧೂಮಪಾನದಿಂದ ಹೆಚ್ಚಿದ್ದ ಹೃದ್ರೋಗದ ಅಪಾಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. 10 ವರ್ಷಗಳಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಅಪಾಯ, ಸೇದುತ್ತಲೇ ಇರುವವರದ್ದಕ್ಕಿಂತ ಸುಮಾರು ಅರ್ಧದಷ್ಟಾಗುತ್ತದೆ. ಒಮ್ಮೆ ಹೃದಯಾಘಾತವಾದವರಿಗೂ ಲಾಭವಿದೆ: ಬಿಟ್ಟವರಲ್ಲಿ ಸಾವಿನ ಅಪಾಯ ಮೂರನೇ ಒಂದರಷ್ಟು ಕಡಿಮೆ. ದೀರ್ಘಕಾಲದ ಉಬ್ಬಸದಿಂದ ಹಾಳಾದ ಶ್ವಾಸಕೋಶ ಪೂರ್ತಿ ಮೊದಲಿನಂತಾಗದು. ಆದರೆ ಮುಂದೆ ಹಾಳಾಗುವ ವೇಗ ತಗ್ಗುತ್ತದೆ.

ಕಡಿಮೆ ಮಾಡಿದರೆ ಸಾಲದೇ?

ದಿನಕ್ಕೆ ಇಪ್ಪತ್ತು ಸೇದುತ್ತಿದ್ದವರು ಒಂದಕ್ಕೆ ಇಳಿಸಿದರೆ ಅಪಾಯವೂ ಇಪ್ಪತ್ತರಲ್ಲಿ ಒಂದು ಪಾಲಾಗುತ್ತದೆ ಎಂಬುದು ತಪ್ಪು ಲೆಕ್ಕ. ಹೃದಯದ ಮಟ್ಟಿಗೆ, ದಿನಕ್ಕೊಂದೇ ಸಿಗರೇಟು ಕೂಡ ಇಪ್ಪತ್ತರಿಂದಾಗುವ ಹೆಚ್ಚುವರಿ ಅಪಾಯದ ಅರ್ಧದಷ್ಟನ್ನು ತರುತ್ತದೆ. ಸಿಗರೇಟಿನಿಂದ ಬೀಡಿಗೆ ಬದಲಾಯಿಸುವುದರಿಂದ ಉಪಯೋಗವಿಲ್ಲ. ಜರ್ದಾ, ಗುಟ್ಕಾಗಳಿಗೆ ಹೊರಳಿದರೆ ಬಾಯಿ ಕ್ಯಾನ್ಸರಿನ ಭಯ. ಪೂರ್ತಿ ಬಿಡುವುದೇ ಗುರಿಯಾಗಬೇಕು.

ಬಿಡುವವರಿಗೆ ಮನೆಯವರ ಆಸರೆ

ಮೊದಲ ಮೂರು ದಿನ ಹೆಚ್ಚು ಕಷ್ಟ. ಸಿಡುಕು, ನಿದ್ರಾಭಂಗ, ಚಡಪಡಿಕೆ ಸಹಜ. ಎರಡರಿಂದ ನಾಲ್ಕು ವಾರಗಳಲ್ಲಿ ತಗ್ಗುತ್ತವೆ. ಆ ದಿನಗಳ ಸಿಡುಕನ್ನು ಮನೆಯವರು ಮನಸ್ಸಿಗೆ ಹಚ್ಚಿಕೊಳ್ಳಬಾರದು. ಸೇದಬೇಕೆಂಬ ತುಡಿತ ಸಾಮಾನ್ಯವಾಗಿ ಕೆಲವೇ ನಿಮಿಷ ಇರುತ್ತದೆ. ಆ ಹೊತ್ತಿಗೆ ನೀರು ಕುಡಿಯುವುದು, ನಾಲ್ಕು ಹೆಜ್ಜೆ ನಡೆಯುವುದು, ಬಾಯಿಗೆ ಏಲಕ್ಕಿ ಅಥವಾ ಸೋಂಪು ಹಾಕಿಕೊಳ್ಳುವುದು ಸಹಾಯಕ. ಕಾಫಿ ಜೊತೆ ಸೇದುವ ರೂಢಿಯಿದ್ದರೆ, ಕಾಫಿ ಕುಡಿಯುವ ಜಾಗವನ್ನಾದರೂ ಬದಲಿಸಬೇಕು. ತೂಕ ಕೊಂಚ ಹೆಚ್ಚಾಗಬಹುದು. ಬಿಡುವುದರ ಲಾಭದ ಮುಂದೆ ಅದು ಚಿಕ್ಕದು.

ನಿಕೋಟಿನ್ ಗಮ್, ಪ್ಯಾಚ್ ಅಥವಾ ವೈದ್ಯರು ಬರೆದುಕೊಡುವ ಮಾತ್ರೆಗಳ ನೆರವಿದ್ದರೆ ಬಿಡುವ ಸಾಧ್ಯತೆ ಹೆಚ್ಚುತ್ತದೆ. ಸಿಗರೇಟು ಪೊಟ್ಟಣದ ಮೇಲೆಯೇ ಮುದ್ರಿತವಾಗಿರುವ 1800-11-2356 ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ, ಕರೆ ಉಚಿತ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದರ ಕೇಂದ್ರವಿದ್ದು, ಕನ್ನಡದಲ್ಲೇ ಸಲಹೆ ದೊರೆಯುತ್ತದೆ.

ಒಮ್ಮೆ ಬಿಟ್ಟು ಮತ್ತೆ ಹಿಡಿದವರು ಸೋತೆವೆಂದುಕೊಳ್ಳಬೇಕಿಲ್ಲ. ಹಲವು ಸಲ ಪ್ರಯತ್ನಿಸಿದ ಮೇಲೆಯೇ ಪೂರ್ತಿ ಬಿಟ್ಟವರು ಬಹಳ ಮಂದಿ.