ಮಾಳಾದ ಮೇಲಿನ ಚೀಲ

ನಿವೃತ್ತಿಯ ದಿನ ಬ್ಯಾಂಕಿನವರು ಶಾಲು, ಹಣ್ಣಿನ ಬುಟ್ಟಿ, ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಗಡಿಯಾರ ತೂಗುಹಾಕಲು ಮೊಳೆ ಹುಡುಕುತ್ತ ಮಾಳಾ ಹತ್ತಿದಾಗ ಕೈಗೆ ಸಿಕ್ಕಿದ್ದು ನನ್ನ ಹಳೆಯ ಕ್ಯಾನ್ವಾಸ್ ಚೀಲ. ಪಟ್ಟಿ ಹರಿದಿತ್ತು, ಬಕಲ್ ತುಕ್ಕು ಹಿಡಿದಿತ್ತು. ಒಳಗೆ ಒಂದು ಬೆಂಕಿಪೊಟ್ಟಣ ಮತ್ತು ನೇರಳ್ ಸ್ಟೇಷನ್ನಿನ ಹಳೆಯ ರಟ್ಟಿನ ಟಿಕೆಟ್ ಇತ್ತು. ಗಡಿಯಾರ ಇವತ್ತಿಗೂ ಡಬ್ಬದಲ್ಲೇ ಇದೆ.

ನಾನು ಕುಮಟಾ ಕಡೆಯವನು. 1984ರಲ್ಲಿ ನೌಕರಿಗೆಂದು ಮುಂಬಯಿಗೆ ಬಂದು, ಡೊಂಬಿವಲಿಯ ಒಂದು ಕೋಣೆಯಲ್ಲಿ ಇನ್ನಿಬ್ಬರು ಕನ್ನಡಿಗರೊಂದಿಗೆ ಉಳಿದೆ. ಬದ್ಲಾಪುರ ದಾಟಿದ ಮೇಲೆ ಲೋಕಲ್ ಕಿಟಕಿಯಿಂದ ಕಾಣುವುದು ನಮ್ಮೂರಿನ ಹಿತ್ತಲಿನಿಂದ ಕಾಣುವ ಅದೇ ಸಹ್ಯಾದ್ರಿ ಎಂದು ತಿಳಿದ ದಿನ ಮುಂಬಯಿ ಅರ್ಧ ನನ್ನದಾಯಿತು. ಆಮೇಲೆ ನಾವು ಮೂವರು ರಜೆ ಸಿಕ್ಕಾಗಲೆಲ್ಲ ಕರ್ಜತ್ ಗಾಡಿ ಹಿಡಿದೆವು. 1988ರ ಡಿಸೆಂಬರಿನಲ್ಲಿ ರಾಜಗಡ, ತೋರಣಾ, ರಾಯಗಡ ಮೂರೂ ಕೋಟೆಗಳನ್ನು ಐದು ದಿನಗಳಲ್ಲಿ ನಡೆದು ಮುಗಿಸಿದೆವು. ಸೀಮೆಎಣ್ಣೆ ಸ್ಟೋವ್, ಅಕ್ಕಿ, ಈರುಳ್ಳಿ ಎಲ್ಲ ಸೇರಿ ಬೆನ್ನ ಮೇಲೆ 15 ಕಿಲೋ. ಆಮೇಲೆ ಮದುವೆ, ಟ್ರಾನ್ಸ್‌ಫರ್, ಮಕ್ಕಳು, ಅಮ್ಮನ ಕಾಯಿಲೆ. ಚೀಲ ಮಾಳಾ ಸೇರಿತು. ಈಗ ಆ ಇಬ್ಬರಲ್ಲಿ ಒಬ್ಬ ಅಮೆರಿಕದಲ್ಲಿ ಮೊಮ್ಮಗನನ್ನು ನೋಡಿಕೊಂಡಿದ್ದಾನೆ. ಇನ್ನೊಬ್ಬ ನಾನು ನಿವೃತ್ತನಾಗುವ ಹಿಂದಿನ ವರ್ಷ ತೀರಿಕೊಂಡ.

ಅದೇ ದಾರಿಯನ್ನು ಇನ್ನೊಮ್ಮೆ ನಡೆಯಬೇಕು ಎಂದು ತಲೆಗೆ ಹೊಕ್ಕಿತು. ಡಾಕ್ಟರರು ಟ್ರೆಡ್‌ಮಿಲ್ ಮೇಲೆ ಓಡಿಸಿ, ಬಿಪಿ ಮಾತ್ರೆ ತಪ್ಪಿಸಬೇಡಿ ಎಂದಷ್ಟೇ ಹೇಳಿದರು. ಮನೆಯಾಕೆ, "ಹೋಗಿ, ಆದರೆ ಒಬ್ಬರೇ ಬೇಡ" ಎಂದಳು. ನಾನು ಕೇಳಲಿಲ್ಲ. ಮೊದಲ ಅಭ್ಯಾಸಕ್ಕೆ ನೇರಳಿನಿಂದ ಮಾಥೇರಾನಿಗೆ ಒಬ್ಬನೇ ಹೊರಟೆ. 1907ರಲ್ಲಿ ಶುರುವಾದ ಆ ಪುಟಾಣಿ ರೈಲಿನ ದಾರಿ 21 ಕಿ.ಮೀ. ಉದ್ದ, ಏರು ನಿಧಾನವಾದದ್ದು. ಆದರೂ ಅರ್ಧ ದಾರಿಯಲ್ಲಿ ಜಲ್ಲಿಕಲ್ಲಿನ ಮೇಲೆ ಪಾದ ಹೊರಳಿತು. ಫೋನಿಗೆ ಸಿಗ್ನಲ್ ಇರಲಿಲ್ಲ. ಕಾಲು ಊದುವುದನ್ನು ನೋಡುತ್ತ ಒಂದು ಗಂಟೆ ಕೂತಿದ್ದೆ, ಹುಲ್ಲಿನ ಹೊರೆ ಹೊತ್ತ ಹೆಂಗಸೊಬ್ಬಳು ಬರುವವರೆಗೆ. ಒಂಟಿಯಾಗಿ ಹೋಗುವುದು ಧೈರ್ಯವಲ್ಲ, ಲೆಕ್ಕ ತಪ್ಪುವುದು ಎಂದು ಬ್ಯಾಂಕಿನವನಿಗೆ ಆ ಗಂಟೆಯಲ್ಲಿ ಅರ್ಥವಾಯಿತು.

ಹಾಗಾದರೆ ಜೊತೆಗೆ ಯಾರು? ಹಳೆಯ ಸಹೋದ್ಯೋಗಿಗಳು ಊಟದ ಮೇಜಿನಲ್ಲಿ "ನಾನೂ ಬರ್ತೇನೆ" ಎಂದರು. ದಿನ ಗೊತ್ತುಮಾಡಿದರೆ ಒಬ್ಬರಿಗೆ ಮಂಡಿ, ಒಬ್ಬರಿಗೆ ಸತ್ಯನಾರಾಯಣ ಪೂಜೆ, ಒಬ್ಬರಿಗೆ ಮೊಮ್ಮಗಳ ಪರೀಕ್ಷೆ. ದುಡ್ಡು ಕಟ್ಟಿ ಹೋಗುವ ನಲವತ್ತು ಜನರ ತಂಡವನ್ನೂ ಒಮ್ಮೆ ಸೇರಿದೆ. ಹುಡುಗರು ಒಳ್ಳೆಯವರು, ಅಂಕಲ್ ಅಂಕಲ್ ಎಂದು ನೀರು ಕೊಟ್ಟರು. ಆದರೆ ಅವರು ಕಾದು ಕೂತು ದಣಿವಾರಿಸಿಕೊಳ್ಳುತ್ತಿದ್ದರು, ನಾನು ಮುಟ್ಟಿದ ಕೂಡಲೇ ಎದ್ದು ಹೊರಡುತ್ತಿದ್ದರು. ಎಲ್ಲರಿಗಿಂತ ಹೆಚ್ಚು ವಿಶ್ರಾಂತಿ ಬೇಕಾದವನಿಗೆ ಒಂದು ನಿಮಿಷವೂ ಇಲ್ಲ.

ಕೊನೆಗೆ ಜೊತೆಗಾರ ಸಿಕ್ಕಿದ್ದು ರಾಜ್ಯೋತ್ಸವದ ಉಪ್ಪಿಟ್ಟಿನ ಸಾಲಿನಲ್ಲಿ. ಮುಂದೆ ನಿಂತವರು ಇಸ್ತ್ರಿ ಮಾಡಿದ ಬಿಳಿ ಅಂಗಿಯ ಕೆಳಗೆ ಸವೆದ ಟ್ರೆಕ್ಕಿಂಗ್ ಬೂಟು ಹಾಕಿದ್ದರು! ಗದಗ ಕಡೆಯವರು, ಮೂವತ್ತು ವರ್ಷ ಲೋಕಲ್ ಓಡಿಸಿದ ಮೋಟರ್‌ಮನ್. ಮೂರನೆಯವರು ನಮ್ಮದೇ ಸೊಸೈಟಿಯ ಮರಾಠಿ ಟೀಚರ್. ನಾನು ಅಭ್ಯಾಸಕ್ಕೆಂದು ಐದು ಕಿಲೋ ಜೋಳದ ಹಿಟ್ಟು ಬೆನ್ನಿಗೆ ಹಾಕಿಕೊಂಡು ಏಳು ಮಹಡಿ ಹತ್ತಿಳಿಯುವುದನ್ನು ವಾರಗಟ್ಟಲೆ ನೋಡಿ, "ಲಿಫ್ಟ್ ಕೆಟ್ಟಿಲ್ಲವಲ್ಲ, ಏನು ವಿಷಯ?" ಎಂದು ಕೇಳಿದವರು. ಮರುದಿನದಿಂದ ಅವರೂ ಒಂದು ಚೀಲದೊಂದಿಗೆ ಬಂದರು.

ಒಂದು ವರ್ಷ ಸಣ್ಣ ಸಣ್ಣ ದಾರಿಗಳಲ್ಲಿ ಪರಸ್ಪರ ಪರೀಕ್ಷೆ. ಖಾಂಡಸ್‌ನಿಂದ ಭೀಮಾಶಂಕರಕ್ಕೆ ಏಣಿಗಳಿರುವ ಶಿಡಿ ಘಾಟ್ ಬಿಟ್ಟು, ಸುತ್ತಾದರೂ ಸುಲಭವಾದ ಗಣೇಶ ಘಾಟ್ ಹಿಡಿದೆವು. ಚೀಲದ ತೂಕ ನೀರೂ ಸೇರಿ 8 ಕಿಲೋ ದಾಟಬಾರದು ಎಂದು ಗೊತ್ತುಮಾಡಿದೆವು. ಅದರಲ್ಲಿ ನೀರೇ ಮೂರು ಕಿಲೋ. ಇಳಿಜಾರಿನಲ್ಲಿ ಮಂಡಿ ಉಳಿಸಲು ಎರಡು ಕೋಲು. ಸ್ಕಾಟ್ಲೆಂಡಿನ ನೇಸ್ಮಿತ್ ಎಂಬಾತ 1892ರಲ್ಲಿ ಹೇಳಿದ ಲೆಕ್ಕವೊಂದಿದೆ: ಸುಮಾರು 5 ಕಿ.ಮೀ.ಗೆ ಒಂದು ಗಂಟೆ, 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಾವು ಅದಕ್ಕೆ ಅರ್ಧದಷ್ಟು ಸೇರಿಸಿಕೊಂಡೆವು. ಆಮೇಲೆ ಒಮ್ಮೆಯೂ ಕತ್ತಲಲ್ಲಿ ಸಿಕ್ಕಿಬೀಳಲಿಲ್ಲ.

ಡಿಸೆಂಬರಿನಲ್ಲಿ ಹೊರಟೆವು. ಗುಂಜವಣೆ ಹಳ್ಳಿಯಿಂದ ಚೋರ್ ದರ್ವಾಜಾ ಹತ್ತಿ ರಾಜಗಡದ ಪದ್ಮಾವತಿ ಮಾಚಿ. ರಾಯಗಡಕ್ಕಿಂತ ಮೊದಲು ಶಿವಾಜಿಯ ರಾಜಧಾನಿಯಾಗಿದ್ದ ಕೋಟೆ ಅದು. ರಾತ್ರಿ ದೇವಿಯ ಗುಡಿಯಲ್ಲಿ ಮಲಗಿದೆವು. 1988ರಲ್ಲೂ ಅಲ್ಲೇ ಮಲಗಿದ್ದೆವು. ತೀರಿಹೋದ ಗೆಳೆಯನ ಗೊರಕೆ ನೆನಪಾಗಿ ಬಹಳ ಹೊತ್ತು ನಿದ್ದೆ ಬರಲಿಲ್ಲ.

ಮರುದಿನ ಸಂಜೀವನಿ ಮಾಚಿ ದಾಟಿ, ಆಳೂ ದರ್ವಾಜಾದಿಂದ ಇಳಿದು, ಬೆಟ್ಟದ ಏಣಿನ ಮೇಲೆ ತೋರಣಾದ ಕಡೆ ನಡಿಗೆ. ಒಣಹುಲ್ಲಿನ ಕೆಳಗೆ ಸಡಿಲ ಕಲ್ಲುಪುಡಿ. ಇಲ್ಲಿಯವರು ಘಸಾರಾ ಎನ್ನುತ್ತಾರೆ. ಅಲ್ಲೊಂದು ಕಡೆ ಜಾರಿ ಬಲ ಮಂಡಿ ಒಳಗೇ ತಿರುಚಿದಂತಾಯಿತು. ಟೀಚರ್ ಹಿಂದಿನಿಂದ ಕೇಳಿದರು, "ಏನಾಯ್ತು?" "ಏನೂ ಇಲ್ಲ" ಎಂದೆ. ಮಧ್ಯಾಹ್ನ ಮತ್ತೆ ಕೇಳಿದರು. ಮತ್ತೆ ಅದೇ ಉತ್ತರ. ಬುಧಲಾ ಮಾಚಿ ಹತ್ತುವಾಗ ಕಣ್ಣಲ್ಲಿ ನೀರು ಬಂದರೂ ಬೆವರು ಒರೆಸುವ ನೆಪ ಮಾಡಿದೆ.

ಮೇಂಗಾಯಿ ಗುಡಿಯಲ್ಲಿ ರಾತ್ರಿ ಮಂಡಿ ಬೂದುಗುಂಬಳದಂತೆ ಊದಿತು. ಮುಂದಿನದು ಊರುಗಳು ವಿರಳವಾದ ದಾರಿ. ಮೋಹರಿಯಿಂದ ಕೊಂಕಣಕ್ಕೆ ಇಳಿಯುವ ಬೋರಾಟ್ಯಾ ನಾಳ್ ಎಂದರೆ ಬಂಡೆಗಳು ಉರುಳಿ ತುಂಬಿದ ಕಡಿದಾದ ಕೊರಕಲು. ಅಲ್ಲಿ ಒಬ್ಬ ಕೂತರೆ ಉಳಿದಿಬ್ಬರೂ ಕೂರಬೇಕು. ಬೆಳಿಗ್ಗೆ ನಾನು ಬೂಟಿನ ದಾರ ಕಟ್ಟುತ್ತಿದ್ದಾಗ ಮೋಟರ್‌ಮನ್ ಎದುರು ಕೂತರು.

"ನೋಡ್ರಿ, ಕೆಂಪ್ ಸಿಗ್ನಲ್ ಬಿದ್ರ ನಾ ಗಾಡಿ ನಿಲ್ಲಸ್ತಿದ್ದೆ. ಹಿಂದ ಸಾವಿರಾರು ಮಂದಿ ಬೈತಿದ್ರು. ಅಂದ್ರೂ ನಿಲ್ಲಸ್ತಿದ್ದೆ. ಇವತ್ತ ವೇಲ್ಹೆಗೆ ಇಳಿಯೋಣು."

"ನೀವಿಬ್ಬರು ಮುಂದೆ ಹೋಗಿ" ಎಂದೆ, ಸ್ವಲ್ಪ ಸಿಟ್ಟಿನಿಂದಲೇ. ಟೀಚರ್ ಆಗಲೇ ನನ್ನ ನೀರಿನ ಬಾಟಲಿಗಳನ್ನು ತಮ್ಮ ಚೀಲಕ್ಕೆ ತುಂಬುತ್ತಿದ್ದರು. "ನೀವು ನೋವು ಮುಚ್ಚಿಟ್ಟಿದ್ದಕ್ಕೆ ನನಗೆ ಸಿಟ್ಟಿದೆ" ಎಂದರು, "ಮಂಡಿಯ ಬಗ್ಗೆ ಅಲ್ಲ."

ವೇಲ್ಹೆಗೆ ಇಳಿಯಲು ಐದು ಗಂಟೆ ಹಿಡಿಯಿತು. ಇಡೀ ದಾರಿ ನಾನು ಮಾತಾಡಲಿಲ್ಲ. ಕೆಳಗೆ ಟಪರಿಯಲ್ಲಿ ಚಹಾ ಕುಡಿಯುವಾಗ ಹೊಳೆಯಿತು, ನಾನು ಒಂದು ವರ್ಷ ಹುಡುಕಿದ್ದು ನನ್ನೊಂದಿಗೆ ರಾಯಗಡ ಮುಟ್ಟುವವರನ್ನು. ಸಿಕ್ಕಿದ್ದು ನನಗಾಗಿ ರಾಯಗಡ ಬಿಟ್ಟುಕೊಡುವವರು. ಇಪ್ಪತ್ತಾರರ ವಯಸ್ಸಿನಲ್ಲಿ ಆ ಗೆಳೆಯರೂ ಹೀಗೆಯೇ ಇದ್ದರೇನೋ. ಆಗ ಪರೀಕ್ಷೆ ಬರಲಿಲ್ಲ, ಅಷ್ಟೇ.

ನಿಮ್ಮಲ್ಲೂ ಹಲವರ ಮಾಳಾದ ಮೇಲೆ ಇಂಥ ಚೀಲವೊಂದಿರಬಹುದು. ಇಳಿಸಿ. ಜೊತೆಗೆ ಯಾರೂ ಇಲ್ಲವೆಂದರೆ ಮೊದಲು ನಿಮ್ಮ ಕಟ್ಟಡದ ಮೆಟ್ಟಿಲು ನೋಡಿ, ಆಮೇಲೆ ಉಪ್ಪಿಟ್ಟಿನ ಸಾಲಿನಲ್ಲಿ ನಿಂತವರ ಬೂಟು. ಎಷ್ಟು ವೇಗವಾಗಿ ನಡೆಯುತ್ತಾರೆಂದು ಕೇಳಬೇಡಿ. ಸುಸ್ತಾಗಿದೆ ಎಂದು ಬಾಯಿಬಿಟ್ಟು ಹೇಳುತ್ತಾರೋ, ಅಷ್ಟು ನೋಡಿ. ನಾನು ಅದನ್ನು ಈಗ ಕಲಿಯುತ್ತಿದ್ದೇನೆ.

ಮಂಡಿ ಸುಧಾರಿಸಿದೆ. ಫಿಸಿಯೋ ಹೇಳಿದ ವ್ಯಾಯಾಮ ತಪ್ಪಿಸಿಲ್ಲ, ಏಳು ಮಹಡಿ ಮತ್ತೆ ಶುರುವಾಗಿದೆ. ಈ ಡಿಸೆಂಬರಿನಲ್ಲಿ ವೇಲ್ಹೆಯಿಂದಲೇ ಹೊರಡುವುದೆಂದು ತೀರ್ಮಾನವಾಗಿದೆ. ದಿನ ಯಾವುದು ಎಂದು ಮೋಟರ್‌ಮನ್ನರನ್ನು ಕೇಳಿದರೆ ನಗುತ್ತಾರೆ: "ಸದ್ಯಕ್ಕ ಹಳದಿ ಐತ್ರಿ."